ಒರಗುವ ಗೋಡೆ

ನಾನು ನಕ್ಷೆ ಬರೆದ ಮೊದಲ ದೊಡ್ಡ ಕಟ್ಟಡದಲ್ಲೇ ನಾನು ಹದಿನಾಲ್ಕು ವರ್ಷ ಬಾಡಿಗೆಗಿದ್ದೆ. ಊಟಿಯ ಮಾರ್ಕೆಟ್ಟಿಗೆ ಅಂಟಿಕೊಂಡ ಬೀದಿ. ಕೆಳಗೆ ನಾಲ್ಕು ಅಂಗಡಿ, ಮೇಲೆ ಎರಡು ಮಹಡಿ. ಮಾಲೀಕರು ಬಟ್ಟೆ ವ್ಯಾಪಾರಿಗಳು. ಅಂಗಡಿಗಳಿಂದ ಒಂದು ಅಂಗುಲವೂ ಹೋಗಬಾರದು ಎಂದು ಅವರು ಹಟ ಹಿಡಿದರು. ಡಿಪ್ಲೊಮಾ ಮುಗಿಸಿ ಆಗಷ್ಟೇ ಬೋರ್ಡು ಹಾಕಿಕೊಂಡಿದ್ದ ನಾನು ಜಾಣತನ ತೋರಿಸಲು ಹೋಗಿ ಮೆಟ್ಟಿಲನ್ನು ಹಿಂಡಿಬಿಟ್ಟೆ. ಎರಡೂವರೆ ಅಡಿ ಅಗಲ; ತಿರುವಿನಲ್ಲಿ ನಿಂತು ಉಸಿರು ಬಿಡಲು ಜಾಗವಿಲ್ಲ, ಅಲ್ಲೂ ತ್ರಿಕೋನದ ಮೆಟ್ಟಿಲುಗಳು. ಮಾಲೀಕರಿಗೆ ಖುಷಿಯೋ ಖುಷಿ. ಮೊದಲ ಮಹಡಿಯ ಮನೆಯನ್ನು ನನಗೂ ಅವ್ವನಿಗೂ ಬಾಡಿಗೆಗೆ ಕೊಟ್ಟರು. ಗ್ಯಾಸ್ ಸಿಲಿಂಡರ್ ತರುವವನು ಪ್ರತಿ ಸಲವೂ ಆ ತಿರುವಿನಲ್ಲಿ ನಿಂತು ಇದನ್ನು ಕಟ್ಟಿದವನಿಗೆ ತಮಿಳಿನಲ್ಲಿ ಶಾಪ ಹಾಕುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ನಮ್ಮ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬೆಲ್ಲದ ವ್ಯಾಪಾರಕ್ಕೆಂದು ಬೆಟ್ಟ ಹತ್ತಿ ಬಂದವರು. ನಾವು ಲಿಂಗಾಯತರು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಬಂದವರು ಎದುರಿಗೆ ನಿಂತು ಕೈಮುಗಿಯುತ್ತಾರೆ. ಆಮೇಲೆ ವಿಮಾನ ಎಂದು ಕರೆಯುವ ಮರದ ಚೌಕಟ್ಟಿನಲ್ಲಿ ಕೂರಿಸಿಕೊಂಡೇ ಮೆರವಣಿಗೆ, ಸಮಾಧಿಯೊಳಗೂ ಕೂತೇ ಇರುವುದು. ನನ್ನ ಅಪ್ಪನನ್ನು ನಾನು ಕಡೆಯ ಸಲ ನೋಡಿದ್ದು ಹಾಗೆಯೇ, ಹೂವಿನ ನಡುವೆ ನೆಟ್ಟಗೆ ಕೂತು ಯಾರಿಗೋ ತೀರ್ಪು ಹೇಳಲು ಹೊರಟವರ ಹಾಗೆ. ಸಾವಿಗೂ ಕೂರುವುದಕ್ಕೂ ಇರುವ ನಂಟು ನನ್ನ ತಲೆಯಲ್ಲಿ ಎಷ್ಟು ಆಳಕ್ಕಿಳಿದಿತ್ತೆಂದರೆ, ಮೆಟ್ಟಿಲು ಬರೆಯುವಾಗ ಮಲಗಿದ ಹೆಣವೊಂದು ಅದನ್ನು ಇಳಿಯಬೇಕಾದೀತು ಎಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಮೇಲಿನ ಮನೆಯಲ್ಲಿ ಈ ಬೆಟ್ಟದ ಬಡಗ ಜನಾಂಗದ ಗಂಡಹೆಂಡಿರಿದ್ದರು. ಆತ ಆಲೂಗಡ್ಡೆ ಮಂಡಿಯಲ್ಲಿ ತೂಕದ ಕೆಲಸದಲ್ಲಿದ್ದರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಎನ್ನುತ್ತಿದ್ದರು. ನಮ್ಮ ಜೊತೆ ಮಾತಾಡುವಾಗ ತಮ್ಮ ಬಡಗ ಮಾತನ್ನು ನಮ್ಮ ಕನ್ನಡಕ್ಕೆ ಬಗ್ಗಿಸಿಕೊಳ್ಳುತ್ತಿದ್ದರು. ಅವರ ಹಟ್ಟಿ ನಂಜನಾಡಿನ ಹತ್ತಿರ. ಹೆಂಡತಿ ವಾರಕ್ಕೊಮ್ಮೆ ಹಟ್ಟಿಗೆ ಹೋಗಿ ಕ್ಯಾರೆಟ್ಟು, ಸೊಪ್ಪು ಹೊತ್ತು ತರುವರು. ಮೊದಲ ಪಾಲು ಅವ್ವನಿಗೆ. ಇಬ್ಬರೂ ತಾರಸಿಯ ಬಿಸಿಲಿನಲ್ಲಿ ಕೂತು ಒಬ್ಬರ ಭಾಷೆಯನ್ನು ಒಬ್ಬರು ಗೇಲಿ ಮಾಡಿಕೊಂಡು ಬಟಾಣಿ ಸುಲಿಯುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಒಂದು ನವೆಂಬರಿನಲ್ಲಿ, ಮೂರು ದಿನ ಬಿಡದೆ ಸುರಿದ ಮಳೆಯ ಬೆಳಿಗ್ಗೆ, ಆಕೆ ಒಲೆಯ ಮುಂದೆ ಕುಸಿದು ತೀರಿಕೊಂಡರು. ಹಟ್ಟಿಗೆ ಒಯ್ಯಬೇಕು. ಮಾರ್ಕೆಟ್ಟಿನಲ್ಲಿದ್ದ ನೆಂಟರು ಐದಾರು ಜನ ಬಂದು ಆಕೆಯನ್ನು ಮಂಚದ ಮೇಲೆ ಮಲಗಿಸಿ ಹೊರಗೆ ತಂದರು. ಅವರು ಮಂಚಕ್ಕೆ ಕಟ್ಟಿಲು ಎನ್ನುತ್ತಾರೆ. ಕಟ್ಟಿಲು ತಿರುವಿಗೆ ಬಂದು ನಿಂತುಹೋಯಿತು. ಓರೆ ಮಾಡಿದರು, ಎತ್ತಿದರು, ಹಿಂದಕ್ಕೆ ಹೋಗಿ ಮತ್ತೆ ಬಂದರು. ಒಮ್ಮೆ ಕಾಲಿನ ಕಡೆ ಎಷ್ಟು ಮೇಲಕ್ಕೆ ಹೋಯಿತೆಂದರೆ ಆಕೆ ಜಾರಿಬಿಡುತ್ತಾರೆಂದು ಹೆಂಗಸರು ಕಿರುಚಿದರು. ನಾನು ಬಾಗಿಲು ತೆರೆದು ಬಂದೆ. ನಕ್ಷೆ ಬರೆದವನಲ್ಲವೇ, ದಾರಿ ಹೇಳುವುದು ನನ್ನ ಹಕ್ಕು ಎಂಬ ಗತ್ತು ಬೇರೆ.

"ಕುರ್ಚೀಲಿ ಕೂರ್ಸಿ ಇಳಿಸಿ ಅಣ್ಣ, ಸಲೀಸು," ಎಂದೆ.

ಅಷ್ಟೇ ಅಲ್ಲ, ಒಳಗೆ ಹೋಗಿ ನಾನು ನಕ್ಷೆ ಬರೆಯಲು ಕೂರುವ ಕೈಯಿರುವ ಕುರ್ಚಿಯನ್ನು ತಂದುಕೊಟ್ಟೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಣ್ಣ ನನ್ನ ಮುಖ ನೋಡಿದರು. ಆ ನೋಟದ ಅರ್ಥ ಆಗ ನನಗೆ ಗೊತ್ತಾಗಲಿಲ್ಲ. ಬೇರೆ ದಾರಿ ಇರಲಿಲ್ಲ, ಕೂರಿಸಿದರು. ಆಕೆ ಹೊದೆಯುವ ಬಿಳಿ ಮುಂಡಿನಿಂದಲೇ ಸೊಂಟವನ್ನು ಕುರ್ಚಿಯ ಬೆನ್ನಿಗೆ ಬಿಗಿದರು. ಪ್ರತಿ ಮೆಟ್ಟಿಲಿಗೂ ತಲೆ ಮುಂದಕ್ಕೆ ವಾಲುತ್ತಿತ್ತು. ಅಣ್ಣ ಹಿಂದುಹಿಂದಾಗಿ ಇಳಿಯುತ್ತ ಆಕೆಯ ಗದ್ದಕ್ಕೆ ಅಂಗೈ ಕೊಟ್ಟು ಎತ್ತಿ ಹಿಡಿದಿದ್ದರು. ಉಳಿದ ಇಪ್ಪತ್ತೆರಡು ಮೆಟ್ಟಿಲೂ ಹಾಗೆಯೇ ಇಳಿದರು.

ಕೆಳಗೆ ಮತ್ತೆ ಕಟ್ಟಿಲ ಮೇಲೆ ಮಲಗಿಸಿ ಆಲೂಗಡ್ಡೆ ಸಾಗಿಸುವ ವ್ಯಾನಿಗೆ ಏರಿಸಿದ ಮೇಲೆ ತಿಳಿಯಿತು, ನಂಜನಾಡಿನ ರಸ್ತೆಗೆ ಮಣ್ಣು ಜರಿದು ಬಿದ್ದಿದೆ, ಸಂಜೆಯವರೆಗೆ ದಾರಿಯಿಲ್ಲ. ಯಾವ ಅಂಗಡಿಯವರೂ ತಮ್ಮ ಮುಂಗಟ್ಟಿನಲ್ಲಿ ಇರಿಸಿಕೊಳ್ಳಲು ಒಪ್ಪಲಿಲ್ಲ. ನಮ್ಮ ಮಾಲೀಕರೂ ಒಪ್ಪಲಿಲ್ಲ. ವ್ಯಾನು ಗೋಡೆಗೆ ಒತ್ತಿಕೊಂಡು ಆ ಬೀದಿಯಲ್ಲೇ ಟಾರ್ಪಾಲು ಹೊದ್ದು ನಿಂತಿತು. ಸಾವಿಗೆ ಬಂದ ಹೆಂಗಸರು ಅಳುತ್ತ ವ್ಯಾನಿನ ಒಂದು ಪಕ್ಕದಿಂದ ಹೊರಟು ಗೋಡೆಯವರೆಗೆ ಹೋಗುವರು, ಮುಂದೆ ದಾರಿಯಿಲ್ಲದೆ ತಿರುಗಿ ಬರುವರು, ಮತ್ತೆ ಹೋಗುವರು. ನಾನು ಕಿಟಕಿಯಿಂದ ಅದನ್ನು ನೋಡಿದೆ. ಮಳೆಯಲ್ಲಿ ಯಾಕೆ ಸುಮ್ಮನೆ ಓಡಾಡುತ್ತಾರೆ ಎಂದುಕೊಂಡೆ.

ಸಂಜೆ ಅವ್ವ ತಟ್ಟೆ ಕುಕ್ಕಿ ಹೇಳಿದಳು. "ನಿನ್ನ ಬಾಯಿಗೆ ಬೀಗ ಹಾಕ್ಬೇಕಿತ್ತು ಕಣೋ. ಕೂರ್ಸೋದು ನಮ್ಗೆ ಮರ್ಯಾದೆ. ಅವ್ರಲ್ಲಿ ಸತ್ತೋರು ಮಲಗ್ಬೇಕು. ಆ ಹೆಣ್ಮಗಳು ಹುಟ್ಟಿದಾಗಿಂದ ಬೆನ್ನು ನೆಲಕ್ಕೆ ತಾಗಿಸ್ದೋಳಲ್ಲ. ಇವತ್ತಾದ್ರೂ ಮಲಗ್ತಿದ್ಲು."

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ಕುರ್ಚಿ ನಮ್ಮ ಬಾಗಿಲ ಮುಂದೆ ಇತ್ತು, ತೊಳೆದು ಒರೆಸಿದ್ದು. ಅಣ್ಣ ಬಾಗಿಲು ತಟ್ಟಿರಲಿಲ್ಲ. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಸಿಟ್ಟಿನ ಮುಖವಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ನನಗೆ ದಾರಿ ಬಿಡುವರು, ಅಷ್ಟೇ. ಎರಡೂವರೆ ಅಡಿಯ ಮೆಟ್ಟಿಲಲ್ಲಿ ಒಬ್ಬರು ಸರಿಯದೆ ಇನ್ನೊಬ್ಬರು ದಾಟುವಂತಿಲ್ಲ. ಅವರ ಕೋಟಿನ ತೋಳು ನನ್ನ ತೋಳಿಗೆ ಉಜ್ಜುತ್ತಿತ್ತು. ನಾನು ಮುಂಗೋಪಿ, ಯಾರಾದರೂ ಬೈದರೆ ಎರಡು ಬೈದು ಹಗುರಾಗುವವನು. ಬೈಯದವರ ಮುಂದೆ ನನಗೆ ಏನು ಮಾಡಲೂ ತೋಚುವುದಿಲ್ಲ. ಆ ಕುರ್ಚಿಯಲ್ಲಿ ಮತ್ತೆ ಕೂರಲಾಗಲಿಲ್ಲ, ಸ್ಟೂಲಿನ ಮೇಲೆ ಕೂತು ಬರೆಯತೊಡಗಿದೆ. ಆ ಮನುಷ್ಯ ನನಗೆ ಒಂದು ಮಾತು ಆಡಲಿ ಎನ್ನುವುದು ಬಿಟ್ಟರೆ ಆ ವರ್ಷಗಳಲ್ಲಿ ನನಗೆ ಬೇರೆ ದೊಡ್ಡ ಆಸೆ ಇರಲಿಲ್ಲ.

ಮಳೆಯಲ್ಲಿ ನಿಂತ ಆ ವ್ಯಾನನ್ನು ಬೀದಿ ಮರೆಯಲಿಲ್ಲ. ಬಾಡಿಗೆ ಮನೆಗಳಲ್ಲಿ ಸಾಯುವವರಲ್ಲಿ ಎಲ್ಲ ಜನವೂ ಇದ್ದರು. ತಮಿಳರು, ಮಲಯಾಳಿಗಳು, ನಾವು. ಮನೆ ಮಾಲೀಕರು ಹೆಣ ಒಳಗಿಡಲು ಬಿಡುತ್ತಿರಲಿಲ್ಲ, ಆಸ್ಪತ್ರೆಯಿಂದ ತಂದದ್ದನ್ನು ಮೇಲೆ ಹತ್ತಿಸಲು ಆಗುತ್ತಿರಲಿಲ್ಲ. ಬೀದಿಯ ನಡುವೆ ಮುಚ್ಚಿಹೋದ ಸೌದೆ ಡಿಪೋ ಒಂದಿತ್ತು, ಎರಡು ಅಂಗಡಿಗಳ ನಡುವೆ ಸಿಕ್ಕಿಕೊಂಡ ಉದ್ದನೆಯ ಜಾಗ. ವ್ಯಾಪಾರಿಗಳು ಸೇರಿ ಅದನ್ನು ಪಡೆದು, ಅಲ್ಲಿ ಒಂದು ಕಟ್ಟಡ ಕಟ್ಟುವುದೆಂದು ನಿಶ್ಚಯಿಸಿದರು. ತೊಳೆಯಲು ಒಂದು ಕೋಣೆ, ನಾಲ್ಕು ಜನ ಬಂದು ನೋಡಿ ಅಳಲು ಒಂದು ಹಾಲು, ಹೋದವರ ನೆನಪಿಗೆ ದೀಪ ಹಚ್ಚುವ ಜಾಗ. ಮುಂದೆ ನಿಂತವರು ನಮ್ಮ ಮಾಲೀಕರೇ. ಅವರಿಗೂ ಆ ದಿನ ಒಳಗೆ ಚುಚ್ಚಿರಬೇಕು. ನಕ್ಷೆ ಬರೆಯಲು ನನಗೆ ಹೇಳಿದರು.

ಎದುರಿನ ಹೋಟೆಲಿನವರು ಕಿಡಿಕಾರಿದರು. ಹೆಣ ನೋಡಿಕೊಂಡು ಯಾರು ದೋಸೆ ತಿನ್ನುತ್ತಾರೆ ಎಂದು ಕೇಳಿದರು. ಒಡವೆ ಅಂಗಡಿಯವರು ತಾಳಿ ಕೊಳ್ಳಲು ಬರುವವರ ಎದುರಿಗೆ ಇದೇನು ಅನಿಷ್ಟ ಎಂದು ಮೂಗು ಮುರಿದರು. ಕೊನೆಗೆ ಮುಂಭಾಗದಲ್ಲಿ ಹೆಸರಿನ ಹಲಗೆ ಇರಬಾರದು ಎಂಬ ಕರಾರಿಗೆ ಎಲ್ಲರೂ ಒಪ್ಪಿಕೊಂಡರು. ಇವತ್ತಿಗೂ ಅದಕ್ಕೆ ಹೆಸರಿಲ್ಲ. ಜನ ಡಿಪೋ ಎಂದೇ ಕರೆಯುತ್ತಾರೆ.

ನಾನು ಎರಡು ತಿಂಗಳು ಬೇರೆ ಕೆಲಸ ಮುಟ್ಟದೆ ಬರೆದೆ. ನಮ್ಮ ಊರಿನ ತೇವಕ್ಕೆ ಟ್ರೇಸಿಂಗ್ ಕಾಗದ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ನಾಲ್ಕೂ ಮೂಲೆಗೆ ಪುಸ್ತಕ ಹೇರಿ ಬರೆಯಬೇಕು. ಅಗಲವಾದ ಬಾಗಿಲು, ತಿರುವೇ ಇಲ್ಲದ ನೇರ ದಾರಿ. ಮೆಟ್ಟಿಲಂತೂ ಒಂದೂ ಇಲ್ಲ, ಅಷ್ಟು ಪಾಠ ಕಲಿತಿದ್ದೆ. ಹಾಲಿನ ಕೊನೆಗೆ ಬಾಗಿಲಿಗೆ ಎದುರಾಗಿ ಒಂದು ಕಟ್ಟೆ, ಅದರ ಹಿಂದೆ ಕಮಾನಿನ ಆಕಾರದ ಗೋಡೆ. ಆ ಕಮಾನನ್ನು ಎಷ್ಟು ಪ್ರೀತಿಯಿಂದ ಬರೆದೆನೆಂದರೆ, ನೋಡಿದ ಕೂಡಲೇ ಅಣ್ಣನ ಮನಸ್ಸು ಕರಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬಟ್ಟೆ ಅಂಗಡಿಯ ಮಹಡಿಯಲ್ಲಿ ಸಭೆ ಸೇರಿತು. ನಕ್ಷೆಯನ್ನು ಗೋಡೆಗೆ ತೂಗುಹಾಕಿದೆ. ಎಲ್ಲರೂ ಭೇಷ್ ಎಂದರು. ಅಣ್ಣನನ್ನೂ ಕರೆದಿದ್ದರು. ಅವರು ಎದ್ದು ಬಂದು ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ತೂಕದ ಮುಳ್ಳು ನಿಲ್ಲುವವರೆಗೆ ಕಾಯುವ ಅಭ್ಯಾಸದ ಮನುಷ್ಯ. ಆಮೇಲೆ ಬೆರಳನ್ನು ಕಮಾನಿನ ಮೇಲಿಟ್ಟು ಅದೇನು ಎಂದು ಕೇಳಿದರು. ವರ್ಷದ ಮೇಲೆ ಕೇಳಿದ ಮೊದಲ ಮಾತು. ಒರಗುವ ಗೋಡೆ ಅಣ್ಣ, ಎಂದೆ.

"ನಮ್ಮ ಜನ ಕಟ್ಟಿಲ ಸುತ್ತ ಬರೋದು ತಮ್ಮ. ಗೋಡೆಯೊಳಗೆ ಹೇಗೆ ಬರೋದು?" ಎಂದರು. ನಂತರ ಇನ್ನೂ ಮೆಲ್ಲಗೆ, "ಅವಳನ್ನ ಒಂದು ಸಾರಿ ಕೂರಿಸಿದ್ದು ಸಾಕು. ಇನ್ನು ಯಾರನ್ನೂ ಕೂರಿಸಬೇಡ."

ಮಳೆಯಲ್ಲಿ ಗೋಡೆಯವರೆಗೆ ಹೋಗಿ ತಿರುಗಿ ಬರುತ್ತಿದ್ದ ಹೆಂಗಸರು ಆಗ ನನಗೆ ಕಂಡರು. ಕಟ್ಟಿಲ ಸುತ್ತ ಬರುವುದು, ತಲೆಯ ಹತ್ತಿರ ಬಾಗಿ ಹಣೆ ತಾಗಿಸುವುದು, ಇದು ಅವರ ಕಡೆಯ ಮರ್ಯಾದೆ. ಅದನ್ನು ಆ ದಿನ ವ್ಯಾನು ನಿಂತ ಗೋಡೆ ತಪ್ಪಿಸಿತ್ತು. ಈಗ ನಾನು ಅದೇ ಗೋಡೆಯನ್ನು ಕಮಾನು ಹಾಕಿ ಚೆಂದ ಮಾಡಿ ಮತ್ತೆ ತಂದು ನಿಲ್ಲಿಸಿದ್ದೆ. ಇಡೀ ಊರಿಗೆಂದು ಕಟ್ಟಡ ಬರೆಯಲು ಕೂತವನು ನಮ್ಮ ಮನೆಯ ಹೆಣವೊಂದಕ್ಕೆ ಮಾತ್ರ ಜಾಗ ಮಾಡಿದ್ದೆ.

ಮನೆಗೆ ಬಂದು ಬ್ಲೇಡು ತೆಗೆದುಕೊಂಡು ಆ ಗೋಡೆಯನ್ನು ಕೆರೆದುಹಾಕಿದೆ. ಟ್ರೇಸಿಂಗ್ ಕಾಗದದ ಮೇಲೆ ಶಾಯಿ ಹೋಗಬೇಕಾದರೆ ಹಾಗೆಯೇ ಕೆರೆಯಬೇಕು. ಶಾಯಿ ಹೋದರೂ ಕೆರೆದ ಜಾಗ ಬೆಳಕಿಗೆ ಹಿಡಿದರೆ ಕಾಣುತ್ತಿರುತ್ತದೆ. ಕಟ್ಟೆಯನ್ನು ಹಾಲಿನ ನಟ್ಟನಡುವೆ ತಂದೆ. ಸುತ್ತಲೂ ಮೂವರು ಕೈ ಹಿಡಿದು ನಡೆಯುವಷ್ಟು ಜಾಗ ಬಿಟ್ಟೆ. ಬಾಗಿಲಿಗೆ ಎದುರಿನ ಕೊನೆಯ ಗೋಡೆಯನ್ನು ದೀಪದ ಗೂಡುಗಳಿಗೂ ಹೋದವರ ಫೋಟೋಗಳಿಗೂ ಕೊಟ್ಟೆ. ಪಕ್ಕದ ಗೋಡೆಗಳ ಉದ್ದಕ್ಕೂ ಬಂದವರು ಕೂರಲು ಕಲ್ಲಿನ ಜಗಲಿ.

ಬಾಗಿಲಿನ ಅಗಲ ಈ ಸಲ ಪುಸ್ತಕದಿಂದ ತೆಗೆದುಕೊಳ್ಳಲಿಲ್ಲ. ಮಂಡಿಯ ಅಂಗಳದಲ್ಲಿ ನಾಲ್ವರು ಹಮಾಲಿಗಳಿಂದ ಕಟ್ಟಿಲು ಹೊರಿಸಿ ಟೇಪು ಹಿಡಿದು ಅಳೆಯೋಣ ಎಂದು ಹೋದೆ. ಖಾಲಿ ಕಟ್ಟಿಲು ಹೊತ್ತವರು ಕುಣಿದುಕೊಂಡು ಹೋದರು, ಅಳತೆ ಸರಿಬರಲಿಲ್ಲ. ಮೇಲೆ ಭಾರ ಬೇಕು. ಮಲಗಿ ಎಂದರೆ ಯಾರೂ ಮಲಗಲಿಲ್ಲ. ಕೊನೆಗೆ ನಾನೇ ಮಲಗಿದೆ. ಮಟಮಟ ಮಧ್ಯಾಹ್ನ, ಆಲೂಗಡ್ಡೆ ಮೂಟೆಗಳ ನಡುವೆ, ಇಡೀ ಮಂಡಿ ನಗುತ್ತಿರಲು ನನ್ನನ್ನು ಹೊತ್ತರು. ಟೇಪು ಹಿಡಿದದ್ದು ಅಣ್ಣ. ಅವರು ನಗಲಿಲ್ಲ. ಹೊತ್ತವರ ಭುಜದಿಂದ ಭುಜಕ್ಕೆ ಎಷ್ಟು ಎಂದು ಜೋರಾಗಿ ಓದಿ ಹೇಳಿದರು, ನಾನು ಮಲಗಿದಲ್ಲೇ ಬರೆದುಕೊಂಡೆ. ಅಷ್ಟಾದ ಮೇಲೆ ಟೇಪು ಸುತ್ತಿ ಕೊಟ್ಟು ತಕ್ಕಡಿಯ ಹತ್ತಿರ ಹೋದರು. ಮಾತು ಮತ್ತೆ ನಿಂತಿತು.

ಬದುಕಿರುವಾಗಲೇ ಹೆಣವಾದೆಯಲ್ಲೋ ಎಂದು ಅವ್ವ ಮೂರು ದಿನ ಬೈದಳು. ಬೈದು ಸಾಕಾದ ಮೇಲೆ ಮೇಜಿನ ಹತ್ತಿರ ಬಂದು ಹೊಸ ನಕ್ಷೆಯನ್ನು ನೋಡಿದಳು. ಕಟ್ಟೆ ಯಾವುದು, ಬಾಗಿಲು ಯಾವುದು ಎಂದು ಕೇಳಿ ತಿಳಿದುಕೊಂಡಳು.

"ಎಲ್ಲಾ ಸರಿ. ನಾನು ಒರಗೋಕೆ ಏನೈತೆ ಇಲ್ಲಿ?"

ನನಗೆ ಆಗ ಆ ಪ್ರಶ್ನೆ ಬೇಡವಾಗಿತ್ತು. "ನೀನು ಇಷ್ಟು ವರ್ಷ ಯಾರಿಗೆ ಒರಗಿದ್ದೀಯವ್ವ?" ಎಂದು ತಮಾಷೆ ಮಾಡಿದೆ. ಅದೂ ನಿಜವೇ ಅನ್ನು ಎಂದು ನಕ್ಕು ಒಳಗೆ ಹೋದಳು. ಅವಳು ನಕ್ಕಿದ್ದಕ್ಕೆ ಆ ವಿಷಯ ಮುಗಿಯಿತು ಎಂದುಕೊಂಡೆ.

ಕಟ್ಟಡ ಎದ್ದಿತು. ಕೊನೆಯ ಗೋಡೆಯಲ್ಲಿ ಮೊದಲ ಫೋಟೋ ಇಟ್ಟವರು ಅಣ್ಣ. ಮೇಲಿನ ಸಾಲಿನಲ್ಲಿ ಇಡಲಿಲ್ಲ. ಹೆಂಡತಿ ನಿಂತರೆ ಮುಖ ಎಲ್ಲಿಗೆ ಬರುತ್ತಿತ್ತೋ ಆ ಎತ್ತರದ ಗೂಡನ್ನು ಅಂಗೈಯಿಂದ ಅಳೆದು ಹುಡುಕಿ ಅಲ್ಲಿಟ್ಟರು. ಸಂತೆಯ ದಿನ ತಪ್ಪದೆ ಬಂದು ದೀಪ ಹಚ್ಚಿ ಹೋಗುತ್ತಿದ್ದರು. ಹಾಲಿನಲ್ಲಿ ಎಲ್ಲ ಜಾತಿಯ ಹೆಣಗಳೂ ಮಲಗಿದವು. ಜನ ಸುತ್ತ ಬಂದರು, ಸುತ್ತ ಬಾರದವರು ಬದಿಯಲ್ಲಿ ನಿಂತರು. ಹೊರಗಿನಿಂದ ನೋಡಲು ಬಂದ ಇಂಜಿನಿಯರುಗಳು ಹೊಗಳಿದರು. ಮೆಟ್ಟಿಲಿನಲ್ಲಿ ಮಾತ್ರ ಅಣ್ಣ ಗೋಡೆಗೆ ಸರಿದು ದಾರಿ ಬಿಡುತ್ತಲೇ ಇದ್ದರು.

ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಜುಲೈ ತಿಂಗಳ ಒಂದು ಬೆಳಿಗ್ಗೆ, ಕಿಟಕಿಗೆ ಮಂಜು ಕವಿದಿತ್ತು, ಅವ್ವ ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಒರಗಿದವಳು ಏಳಲಿಲ್ಲ. ಊರಿನಿಂದ ನೆಂಟರು ಬಂಡೀಪುರದ ಕಾಡು ದಾಟಿ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ನಮ್ಮ ಮನೆಯಲ್ಲಿ ಹತ್ತು ಜನ ನಿಲ್ಲಲು ಜಾಗವಿಲ್ಲ. ಡಿಪೋಗೆ ಒಯ್ಯುವುದೆಂದಾಯಿತು. ಅಟ್ಟದಿಂದ ಅದೇ ಕುರ್ಚಿ ಇಳಿಸಿ ಅದರಲ್ಲೇ ಅವ್ವನನ್ನು ಕೂರಿಸಿ ಇಳಿಸಿದೆವು. ಎಲ್ಲೂ ತಾಗಲಿಲ್ಲ. ನಾನು ಬರೆದ ಮೆಟ್ಟಿಲು ಅವ್ವನ ಅಳತೆಗೆ ಸರಿಯಾಗಿ ಹೊಂದಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತೊಳೆಯುವ ಕೋಣೆಯಲ್ಲಿ ಹೆಂಗಸರು ತಲೆಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ ಕಟ್ಟೆಯ ಮೇಲೆ ತಂದು ಕೂರಿಸಿದರು. ಕೈಬಿಟ್ಟ ಕೂಡಲೇ ಅವ್ವ ಹಿಂದಕ್ಕೆ ವಾಲಿದಳು. ಹಿಂದೆ ಏನೂ ಇರಲಿಲ್ಲ. ನಾನೇ ಕೆರೆದು ತೆಗೆದಿದ್ದೆನಲ್ಲ. ಇಬ್ಬರು ಹಿಡಿದುಕೊಂಡರು. ಕುರ್ಚಿಯಲ್ಲೇ ಇರಿಸೋಣ ಎಂದು ಯಾರೋ ಹೇಳಿದರು. ಕಾಲು ಜೋತಾಡಬಾರದು, ಮಡಿಸಿಯೇ ಕೂರಬೇಕು ಎಂದು ಕ್ರಿಯೆಗೆ ಬಂದಿದ್ದ ಅಯ್ಯನವರು ಬೇಡವೆಂದರು. ಜಗಲಿಯ ಮೇಲೆ ಪಕ್ಕದ ಗೋಡೆಗೆ ಒರಗಿಸಬಹುದಿತ್ತು. ಆದರೆ ಅದು ಸಾವಿಗೆ ಬಂದವರು ಕೂರುವ ಜಾಗ, ಅಲ್ಲಿ ಕೂರಿಸಿದರೆ ಬೇರೆ ಯಾರದೋ ಸಾವಿಗೆ ಬಂದವಳ ಹಾಗೆ ಕಾಣುತ್ತಾಳೆ. ದೀಪದ ಗೋಡೆಗೆ ಒರಗಿಸಲು ಅಲ್ಲಿ ಪರರ ಫೋಟೋಗಳು, ಉರಿಯುವ ಬತ್ತಿಗಳು. ಬಡಗಿ ವಿಮಾನ ಮಾಡುತ್ತಿದ್ದ, ಇನ್ನೂ ಎರಡು ಗಂಟೆ ಬೇಕೆಂದು ಹೇಳಿಕಳಿಸಿದ. ಹಿಡಿದವರ ಕೈ ಸೋಲುತ್ತಿತ್ತು, ಅವ್ವನ ತಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು. ನಾನು ಒರಗೋಕೆ ಏನೈತೆ ಇಲ್ಲಿ ಎಂದು ಕೇಳಿದ್ದಳು. ಕೇಳಿದ್ದಕ್ಕೆ ತಮಾಷೆ ಮಾಡಿದ್ದೆ. ನಾನು ಕಟ್ಟೆಯ ಪಕ್ಕದಲ್ಲಿ ನಿಂತು ಮಕ್ಕಳ ಹಾಗೆ ಅತ್ತೆ.

ಅಣ್ಣ ಯಾವಾಗ ಒಳಗೆ ಬಂದರೋ ನೋಡಿರಲಿಲ್ಲ. ಮಂಡಿಯಿಂದ ನೇರ ಬಂದಿರಬೇಕು, ಕೋಟಿನ ಮೇಲೆ ಕೆಮ್ಮಣ್ಣಿನ ಧೂಳಿತ್ತು. ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಕಟ್ಟೆಯ ಸುತ್ತ ಒಂದು ಸಲ ನಡೆದು ಬಂದು, ಬಾಗಿ, ತಮ್ಮ ಹಣೆಯನ್ನು ಅವ್ವನ ತಲೆಗೆ ತಾಗಿಸಿದರು. ಆಮೇಲೆ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಆಗಲೇ ಅರವತ್ತರ ಹತ್ತಿರದ ಮುದುಕ, ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತರು. ಅವ್ವನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು, ಕಾಲು ಮಡಿಸಿ, ಅಂಗೈಗಳನ್ನು ಕಲ್ಲಿಗೆ ಊರಿ ಕೂತುಬಿಟ್ಟರು.

"ಬಿಡಿ ಕೈಯ. ಅವ್ವೆ ಒರಗಲಿ," ಎಂದರು.

ಹಿಡಿದವರು ಕೈಬಿಟ್ಟರು. ಅವ್ವ ನೆಟ್ಟಗೆ ಕೂತಳು. ಬೀದಿಯ ಬಾಗಿಲಿಗೆ ಅವಳ ಮುಖ, ಕೊನೆಯ ಗೋಡೆಗೆ ಅವರ ಮುಖ. ಅವರ ಎದುರಿಗೆ, ನಿಂತರೆ ಮುಖ ಬರುವ ಎತ್ತರದಲ್ಲಿ, ಹೆಂಡತಿಯ ಫೋಟೋ ಇತ್ತು. ಬೀದಿಯವರು ಬಂದು ಅವ್ವನಿಗೆ ಕೈಮುಗಿದು ಹೋದರು. ಹಿಂದೆ ಕೂತ ಮುದುಕನನ್ನು ಯಾರೂ ಏನೂ ಕೇಳಲಿಲ್ಲ. ನಾನು ಅವರ ಪಕ್ಕಕ್ಕೆ ಹೋಗಿ, ಆ ದಿನ ನಾನು ಆ ಮಾತು ಆಡಬಾರದಿತ್ತು ಅಣ್ಣ, ಎಂದೆ. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದು ಅಷ್ಟೇ ಆಗಿತ್ತು. ಅವರು ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ನನ್ನವಳನ್ನ ನಾನು ಮಲಗಿಸೋಕಾಗಲಿಲ್ಲ ತಮ್ಮ," ಎಂದರು. "ನಿನ್ನವ್ವೆ ಕೂರಲಿ."

ವಿಮಾನ ಬರಲು ಎರಡು ಗಂಟೆಯಲ್ಲ, ಮೂರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಅಲುಗಲಿಲ್ಲ. ಅವ್ವನನ್ನು ಎತ್ತಿದ ಮೇಲೆ ಅವರಿಗೆ ಏಳಲಾಗಲಿಲ್ಲ, ಕಾಲು ಮರಗಟ್ಟಿತ್ತು. ನಾನು ಕಂಕುಳಿಗೆ ಕೈಹಾಕಿ ಎಬ್ಬಿಸಿ ನಿಲ್ಲಿಸಿದೆ. ಸ್ನಾನದಲ್ಲಿ ನೆಂದು ಇನ್ನೂ ಆರದಿದ್ದ ಅವ್ವನ ತಲೆಗೂದಲಿನಿಂದ ಅವರ ಕೋಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು.